‘ಬೆಳಕು ತಗ್ಗಿಸಿ’ ಎಂದರೆ ಗುಂಡಿ ಒತ್ತುವುದೋ, ಲೈಟು ಬಾಗಿಸುವುದೋ?

ಪ್ರಶ್ನೆ: ಸೈಕಲ್ ಲೈಟಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ ಎರಡು ತೊಡಕು. ‘ಎದುರಿಗೆ ಯಾರಾದರೂ ಬಂದಾಗ ಬೆಳಕನ್ನು ತಗ್ಗಿಸಿ’ ಎಂದರೆ ಅರ್ಥ ಸ್ಪಷ್ಟವೇ? ಜೋರು ಬೆಳಕು ಕಣ್ಣಿಗೆ ಹೊಡೆಯುವ ‘ಡ್ಯಾಝಲ್’ಗೆ ‘ಕೋರೈಸು’ ಹೊಂದುತ್ತದೆಯೇ, ‘ಕುಕ್ಕು’ ಹೊಂದುತ್ತದೆಯೇ?

ಉತ್ತರ: ‘ತಗ್ಗಿಸು’ ಇಲ್ಲಿ ದಾರಿ ತಪ್ಪಿಸುತ್ತದೆ. ತಲೆ ತಗ್ಗಿಸಿದರೆ ತಲೆ ಬಾಗುತ್ತದೆ, ದನಿ ತಗ್ಗಿಸಿದರೆ ದನಿ ಕಡಿಮೆಯಾಗುತ್ತದೆ. ಓದುಗರು ಎರಡನೆಯ ಅರ್ಥ ಹಿಡಿದು ಗುಂಡಿ ಒತ್ತುತ್ತಾರೆ. ಆಡುಮಾತಿನ ‘ಡಿಮ್ ಮಾಡು’ ಕೂಡ ಹೀಗೇ. ಕಾರಿನಲ್ಲಿ ಡಿಮ್ ಮಾಡಿದರೆ ಬೆಳಕು ಕೆಳಕ್ಕೆ ಬೀಳುತ್ತದೆ. ಸಾಮಾನ್ಯ ಸೈಕಲ್ ಲೈಟಿನಲ್ಲಿ 800 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) 400 ಆಗುತ್ತದೆ, ದಿಕ್ಕು ಮಾತ್ರ ಹಾಗೆಯೇ ಉಳಿಯುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ನೇರವಾಗಿ ಬಿದ್ದ 400 ಲ್ಯೂಮೆನ್ ಕೂಡ ಹೆಚ್ಚೇ. ಆದ್ದರಿಂದ ಮೊದಲು ‘ಲೈಟಿನ ಮುಖ ಕೆಳಗೆ ಬಾಗಿಸಿ’, ಆಮೇಲೆ ‘ಬೆಳಕು ಕಡಿಮೆ ಮಾಡಿ’ ಎಂದು ಎರಡು ಮಾತಾಗಿ ಬರೆಯಿರಿ.

ಎಷ್ಟು ಬಾಗಿಸಬೇಕೆಂಬ ಅಳತೆಯೂ ಇರಲಿ. ಲೈಟು ಗೋಡೆಯಿಂದ 5 ಮೀಟರ್ ದೂರವಿರುವಂತೆ ಸಮತಟ್ಟು ನೆಲದಲ್ಲಿ ಸೈಕಲ್ ನಿಲ್ಲಿಸಿ, ಸವಾರ ಮೇಲೆ ಕೂರಬೇಕು. ಲೈಟು ನೆಲದಿಂದ 90 ಸೆಂ.ಮೀ. ಎತ್ತರದಲ್ಲಿದ್ದರೆ ಬೆಳಕಿನ ನಡುಭಾಗ ಗೋಡೆಯ ಮೇಲೆ 45 ಸೆಂ.ಮೀ. ಎತ್ತರಕ್ಕೆ ಬೀಳಬೇಕು. ಆಗ ಅದು ರಸ್ತೆಗೆ ತಾಗುವುದು 10 ಮೀಟರ್ ಮುಂದೆ. ಹ್ಯಾಂಡಲ್‌ಗೆ ರಬ್ಬರ್ ಪಟ್ಟಿಯಲ್ಲಿ ಕಟ್ಟಿದ ಲೈಟು ಕುಲುಕಾಟಕ್ಕೆ ಜಾರುತ್ತದೆ. ಹೊರಡುವ ಮುನ್ನ ಪ್ರತಿಸಲ ನೋಡಿಕೊಳ್ಳಬೇಕು.

ದುಂಡನೆಯ ಬೆಳಕು ಚೆಲ್ಲುವ ಟಾರ್ಚಿನಂಥ ಲೈಟನ್ನು ಬಾಗಿಸಿದರೂ ಸ್ವಲ್ಪ ಬೆಳಕು ಮೇಲಕ್ಕೆ ಹೋಗುತ್ತದೆ. ಬೆಳಕಿನ ಮೇಲಂಚು ಗೆರೆ ಎಳೆದಂತೆ ಕತ್ತರಿಸಿರುವ ಲೈಟೇ ಒಳ್ಳೆಯದು. ಅದನ್ನು ಹ್ಯಾಂಡಲಿನ ಕೆಳಗೆ ತಲೆಕೆಳಗಾಗಿ ತೂಗುಹಾಕಿದರೆ ಕತ್ತರಿಸಿದ ಅಂಚು ಕೆಳಗಾಗಿ, ಬೆಳಕೆಲ್ಲ ಎದುರಿನವರ ಮುಖಕ್ಕೇ! ಈ ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕಿ.

ಮರುಮಾತು: ಎರಡನೆಯ ತೊಡಕು, ‘ಡ್ಯಾಝಲ್’ ಕ್ರಿಯಾಪದದ ಬಗ್ಗೆ. ‘ಕೋರೈಸು’ವಿನಲ್ಲಿ ಬೆರಗೂ ಇದೆ, ಮಿಂಚು, ಒಡವೆ, ವೈಭವ ಎಲ್ಲವೂ ಕಣ್ಣು ಕೋರೈಸುತ್ತವೆ. ‘ಕುಕ್ಕು’ವಿನಲ್ಲಿ ಚುಚ್ಚಿದ ನೋವಿದೆ, ಇಲ್ಲಿಗೆ ಅದೇ ಹತ್ತಿರ. ಆದರೂ ಅಪಾಯ ನೋವಷ್ಟೇ ಅಲ್ಲ. ಕಣ್ಣಿನೊಳಗೆ ಚದುರಿದ ಬೆಳಕು ತೆಳುಪರದೆಯಂತೆ ಹರಡಿ, ಪಕ್ಕದಲ್ಲಿ ನಡೆಯುವವರು, ರಸ್ತೆಯ ಗುಂಡಿ ಯಾವುದೂ ಕಾಣದಂತಾಗುತ್ತದೆ. ಇದಕ್ಕೆ ‘ಕಣ್ಣುಕತ್ತಲೆ’ ಎಂದರೆ ತಲೆಸುತ್ತು ಎಂದಾಗಿಬಿಡುತ್ತದೆ. ‘ಕಣ್ಣು ಕುಕ್ಕಿ ದಾರಿ ಕಾಣದಂತಾಗುತ್ತದೆ’ ಎಂದು ಬಿಡಿಸಿ ಬರೆಯುವುದೇ ವಾಸಿ.

ಲೈಟಿನ ‘ಫ್ಲ್ಯಾಶ್ ಮೋಡ್’ಗೆ ‘ಮಿನುಗು’ ಬೇಡ. ಅದು ನಕ್ಷತ್ರದ ನವಿರು ಬೆಳಕು. ‘ಹೊತ್ತಿ ಆರುವ ಬೆಳಕು’ ಎನ್ನಿ. ರಾತ್ರಿ ಅದರಿಂದ ದೂರ ಅಂದಾಜಾಗುವುದು ಕಷ್ಟ, ಹಾಗಾಗಿ ‘ರಾತ್ರಿ ಒಂದೇ ಸಮ ಉರಿಯಲಿ’ ಎಂದೂ ಸೇರಿಸಿ. ಹೆಲ್ಮೆಟ್ ಲೈಟಿಗೆ ಬೇರೆ ಸಾಲು ಬೇಕು: ಕತ್ತು ತಿರುಗಿದತ್ತ ಬೆಳಕೂ ತಿರುಗುವುದರಿಂದ, ಯಾರನ್ನಾದರೂ ಮಾತಾಡಿಸುವ ಮೊದಲು ಅದನ್ನು ಆರಿಸಬೇಕು.