ಜರ್ಮನಿಗೆ ಓದಲು ಹೋದ ಮೊದಲ ಎರಡು ವಾರ: ಯಾವ ಕೆಲಸ ಮೊದಲು?

ಪ್ರಶ್ನೆ: ನಮಸ್ಕಾರ ಮೇಡಂ. ಡ್ರೆಸ್ಡೆನ್‌ನಲ್ಲಿ ಅಕ್ಟೋಬರ್‌ಗೆ ಮಾಸ್ಟರ್ಸ್ ಶುರು, ಸೆಪ್ಟೆಂಬರ್ ಕೊನೆಗೆ ಇಳೀತೀನಿ. ಬ್ಲಾಕ್ಡ್ ಅಕೌಂಟಿಗೆ (ವೀಸಾಕ್ಕಾಗಿ ಒಂದು ವರ್ಷದ ಖರ್ಚಿನ ದುಡ್ಡು ಮೊದಲೇ ಇಡುವ ಖಾತೆ) 11,904 ಯೂರೊ ಕಟ್ಟಿದ್ದಾಗಿದೆ. ಇಳಿದ ಮೇಲೆ ಮೊದಲು ಬ್ಯಾಂಕಿಗೆ ಹೋಗಬೇಕಾ, ವಿಳಾಸ ನೋಂದಣಿಗಾ, ಯೂನಿವರ್ಸಿಟಿಗಾ? ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ.

ಉತ್ತರ (ವಿದ್ಯಾರ್ಥಿ ಸಲಹೆಗಾರರು): ಮೊದಲು ರೂಮು. ಉಳಿದದ್ದೆಲ್ಲ ಅದನ್ನೇ ಕಾದು ನಿಂತಿರುತ್ತದೆ.

ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಮಾಡಿಸಬೇಕೆಂಬುದು ಕಾನೂನು. ಅದಕ್ಕೆ ಪಾಸ್‌ಪೋರ್ಟ್, ವೀಸಾ ಜೊತೆಗೆ ಮನೆ ಮಾಲೀಕರು ಸಹಿ ಮಾಡಿದ ‘ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್’ (ನೀವು ಆ ಮನೆಗೆ ಬಂದಿದ್ದೀರಿ ಎಂಬ ದೃಢೀಕರಣ ಪತ್ರ) ಬೇಕು. ಬಾಡಿಗೆ ಕರಾರುಪತ್ರ ತೋರಿಸಿದರೆ ಸಾಲದು, ಇದು ಬೇರೆಯದೇ ಹಾಳೆ. ಮುಂಗಡ ಕಳಿಸುವ ಮೊದಲೇ ‘ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಆಗುತ್ತಾ?’ ಅಂತ ಬರಹದಲ್ಲಿ ಕೇಳಿಕೊಳ್ಳಿ. ಅಗ್ಗಕ್ಕೆ ಸಿಗುವ ಒಳಬಾಡಿಗೆ ರೂಮುಗಳು ಹೆಚ್ಚಾಗಿ ಇಲ್ಲೇ ಕೈಕೊಡುತ್ತವೆ.

ನೋಂದಣಿಯ ಅಪಾಯಿಂಟ್‌ಮೆಂಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ರೂಮು ಖಚಿತವಾದ ದಿನ, ಇನ್ನೂ ಊರಲ್ಲಿರುವಾಗಲೇ ಹಿಡಿದುಬಿಡಿ. ಎರಡು ವಾರದೊಳಗೆ ಸಿಗದಿದ್ದರೆ ಬುಕಿಂಗ್ ಇಮೇಲ್ ಇಟ್ಟುಕೊಂಡಿರಿ, ಪ್ರಯತ್ನಪಟ್ಟಿದ್ದಕ್ಕೆ ಪುರಾವೆ ಬೇಕು.

ಬ್ಲಾಕ್ಡ್ ಅಕೌಂಟಿನ ದುಡ್ಡು ತಿಂಗಳಿಗೆ 992 ಯೂರೊ ಲೆಕ್ಕದಲ್ಲಿ ಬಿಡುಗಡೆಯಾಗುತ್ತದೆ, ಅದೂ ನಿಮ್ಮ ಹೆಸರಿನ ಚಾಲ್ತಿ ಖಾತೆಗೆ. ಎಷ್ಟೋ ಬ್ಯಾಂಕುಗಳು ಖಾತೆ ತೆರೆಯಲು ನೋಂದಣಿ ಪತ್ರ ಕೇಳುತ್ತವೆ. ಹಾಗಾಗಿ ಮೊದಲ ಕಂತು ಕೈಗೆ ಬರುವಷ್ಟರಲ್ಲಿ ವಾರಗಳೇ ಆಗಬಹುದು. ಅಲ್ಲಿವರೆಗೆ ಬಾಡಿಗೆ, ಡಿಪಾಸಿಟ್, ಊಟ ಎಲ್ಲ ಫಾರೆಕ್ಸ್ ಕಾರ್ಡಿನಿಂದಲೇ. ಡಿಪಾಸಿಟ್ ಮೂರು ತಿಂಗಳ ‘ಕಾಲ್ಟ್‌ಮೀಟೆ’ (ಹೀಟಿಂಗ್, ನೀರಿನ ಖರ್ಚು ಬಿಟ್ಟ ಬಾಡಿಗೆ) ದಾಟುವಂತಿಲ್ಲ; ಸಾಮಾನ್ಯ ಮನೆ ಬಾಡಿಗೆಯಲ್ಲಿ ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕೂ ಇದೆ. ‘ನಾನು ವಿದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀಲಿ ಕೊರಿಯರ್‌ನಲ್ಲಿ ಬರುತ್ತೆ’ ಅಂದವರು ಮೋಸಗಾರರೇ, ಅನುಮಾನವೇ ಬೇಡ.

ಯೂನಿವರ್ಸಿಟಿ ದಾಖಲಾತಿಗೆ ಆರೋಗ್ಯ ವಿಮೆ ಇರಬೇಕು. 30 ವರ್ಷದೊಳಗಿನವರು ಸರ್ಕಾರಿ ವ್ಯವಸ್ಥೆಯ ವಿಮಾ ಸಂಸ್ಥೆಗೆ ಊರಿಂದಲೇ ಅರ್ಜಿ ಹಾಕಿ. ಅವರೇ ನೇರವಾಗಿ ಯೂನಿವರ್ಸಿಟಿಗೆ ಎಲೆಕ್ಟ್ರಾನಿಕ್ ಸಂದೇಶ ಕಳಿಸುತ್ತಾರೆ, ಹಾಳೆ ಹಿಡಿದು ಓಡಾಡಬೇಕಿಲ್ಲ. ಅದು ಜಾರಿಗೆ ಬರುವವರೆಗಿನ ದಿನಗಳಿಗೆ ಪ್ರಯಾಣ ವಿಮೆ ಇರಲಿ.

ಅದೇ ಪ್ರಶ್ನೆಗೆ ಇನ್ನೊಬ್ಬರು: ಮೇಡಂ ಹೇಳದೇ ಬಿಟ್ಟ ಒಂದು ಸಣ್ಣ ಕೆಲಸ, ಆದರೆ ಹೆಚ್ಚು ಕಾಡುವುದು ಇದೇ. ಅಂಚೆಪೆಟ್ಟಿಗೆ ಮೇಲೆ ನಿಮ್ಮ ಹೆಸರು ಅಂಟಿಸಿ, ಇಳಿದ ದಿನವೇ. ಅಲ್ಲಿ ಅಂಚೆಯವನು ಫ್ಲಾಟ್ ನಂಬರ್ ನೋಡುವುದಿಲ್ಲ, ಹೆಸರು ನೋಡುತ್ತಾನೆ. ಹೆಸರಿಲ್ಲದಿದ್ದರೆ ಪತ್ರ ವಾಪಸ್. ಬ್ಯಾಂಕ್ ಕಾರ್ಡು, ಪಿನ್, ವಿಮೆ ಕಾರ್ಡು, ತೆರಿಗೆ ಗುರುತಿನ ಸಂಖ್ಯೆ ಎಲ್ಲವೂ ಬರುವುದು ಅಂಚೆಯಲ್ಲೇ. ಪಾರ್ಟ್‌ಟೈಮ್ ಕೆಲಸಕ್ಕೆ ಸೇರುವಾಗ ಆ ಸಂಖ್ಯೆ ಕೊಡದಿದ್ದರೆ ಸಂಬಳದಲ್ಲಿ 6ನೇ ವರ್ಗದ ಹೆಚ್ಚಿನ ತೆರಿಗೆ ಮುರಿಯುವ ಸಾಧ್ಯತೆ ಇದೆ. ನಮ್ಮ ಕಡೆ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇರುವವರು, ಇನಿಷಿಯಲ್ ಬಿಡಿಸಿ ಬರೆಸಿದವರು ಬಹಳ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ವಿಮೆ, ಬ್ಯಾಂಕು, ಕರಾರುಪತ್ರ, ಅಂಚೆಪೆಟ್ಟಿಗೆ ಎಲ್ಲ ಕಡೆ ಇರಲಿ.

ಪ್ರಶ್ನೆ: ನಾನು ಮಂಗಳೂರಿನವಳು, ಕ್ಯಾಥೊಲಿಕ್. ನೋಂದಣಿ ಫಾರಂನಲ್ಲಿ ಧರ್ಮ ಕೇಳ್ತಾರಂತೆ, ಯಾಕೆ?

ಉತ್ತರ: ಚರ್ಚ್ ತೆರಿಗೆಗೆ. ರಾಜ್ಯಕ್ಕೆ ತಕ್ಕಂತೆ ಆದಾಯ ತೆರಿಗೆಯ ಮೇಲೆ ಶೇ 8 ಅಥವಾ 9. ಆದಾಯ ತೆರಿಗೆಯೇ ಇಲ್ಲದ ವಿದ್ಯಾರ್ಥಿಗೆ ಈಗ ಏನೂ ಮುರಿಯುವುದಿಲ್ಲ, ಆದರೆ ದಾಖಲೆ ಉಳಿಯುತ್ತದೆ. ಮುಂದೆ ಪೂರ್ಣಾವಧಿ ಕೆಲಸ ಸಿಕ್ಕಾಗ ಸಂಬಳದ ಚೀಟಿಯಲ್ಲಿ ಕಾಣುತ್ತದೆ. ಸುಳ್ಳು ಬರೆಯಿರಿ ಅನ್ನುತ್ತಿಲ್ಲ, ತಿಳಿದು ಬರೆಯಿರಿ.

ಪ್ರಶ್ನೆ: ಮಗಳ ಬ್ಯಾಗಿನಲ್ಲಿ ತುಪ್ಪ, ಧಾರವಾಡ ಪೇಡ, ಕರಿಬೇವು, ಕುಕ್ಕರ್ ಇಡಬಹುದಾ?

ಉತ್ತರ: ಅಮ್ಮಾ, ತುಪ್ಪ, ಪೇಡ ಎರಡೂ ಬೇಡ. ಯುರೋಪಿನ ಒಕ್ಕೂಟದ ಹೊರಗಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಸಿಕ್ಕರೆ ಕಿತ್ತುಕೊಂಡು ಎಸೆಯುತ್ತಾರೆ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅದನ್ನೂ ಬಿಡಿ. ಸಾರಿನ ಪುಡಿ, ಚಟ್ನಿಪುಡಿ, ಹುಣಸೆಹಣ್ಣು ಧಾರಾಳವಾಗಿ ಕಳಿಸಿ. ತುಪ್ಪ ಅಲ್ಲೇ ಆಗುತ್ತದೆ: ಅಂಗಡಿಯಲ್ಲಿ ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಪ್ಯಾಕು ಸಿಗುತ್ತದೆ, ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿದರಾಯಿತು.

ಕುಕ್ಕರ್ ಕೊಳ್ಳುವ ಮೊದಲು ಒಲೆ ಯಾವುದೆಂದು ಹಾಸ್ಟೆಲಿಗೆ ಇಮೇಲ್ ಹಾಕಿ ಕೇಳಿ. ಇಂಡಕ್ಷನ್ ಆಗಿದ್ದರೆ ಬರೀ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ, ತಳಕ್ಕೆ ಅಯಸ್ಕಾಂತ ಅಂಟಬೇಕು. ಗಾಜಿನ ಸೆರಾಮಿಕ್ ಒಲೆಯಾದರೆ ಯಾವುದೂ ನಡೆಯುತ್ತದೆ, ತಳ ಮಾತ್ರ ಚಪ್ಪಟೆಯಾಗಿರಲಿ. ಮತ್ತೆ ಒಗ್ಗರಣೆ: ಚಾವಣಿಯಲ್ಲಿ ಹೊಗೆ ಅಲಾರಂ ಇರುತ್ತದೆ. ಒಣಮೆಣಸಿನಕಾಯಿ ಕಪ್ಪಾಗುವಷ್ಟು ಎಣ್ಣೆ ಕಾಯಿಸಿದರೆ ಅದು ಕಿರುಚುತ್ತದೆ. ಕೆಲವು ಹಾಸ್ಟೆಲುಗಳಲ್ಲಿ ಅಲಾರಂ ನೇರ ಅಗ್ನಿಶಾಮಕ ದಳಕ್ಕೆ ಹೋಗುತ್ತದೆ, ಬಂದ ಖರ್ಚನ್ನೂ ನಿಮ್ಮ ತಲೆಗೇ ಕಟ್ಟಬಹುದು. ಕಿಟಕಿ ತೆಗೆದು, ಬಾಗಿಲು ಮುಚ್ಚಿ, ಸಣ್ಣ ಉರಿಯಲ್ಲಿ ಮಾಡಲಿ.

ಪ್ರಶ್ನೆ: ಶನಿವಾರ ರಾತ್ರಿ ಇಳೀತೀನಿ ಸರ್. ತೊಂದರೆ ಏನಾದ್ರೂ?

ಉತ್ತರ: ಇದೆ. ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ, ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳಷ್ಟೇ ಗತಿ. ಒಂದು ದಿನದ ಅವಲಕ್ಕಿ, ಹೊದಿಯಲು ಒಂದು ಬೆಡ್‌ಶೀಟ್ ಬ್ಯಾಗಿನಲ್ಲಿರಲಿ, ಹಾಸ್ಟೆಲಿನಲ್ಲಿ ಬರೀ ಹಾಸಿಗೆ ಇರುವುದೇ ಹೆಚ್ಚು. ಹಾಸ್ಟೆಲ್ ಕಚೇರಿಗೂ ಭಾನುವಾರ ರಜೆ. ಕೀಲಿ ಯಾರು ಕೊಡುತ್ತಾರೆಂದು ಶುಕ್ರವಾರದೊಳಗೆ ಬರಹದಲ್ಲಿ ತಿಳಿದುಕೊಳ್ಳಿ. ಭಾರತದ ಸಿಮ್‌ಗೆ ಹೊರಡುವ ಮೊದಲೇ ರೋಮಿಂಗ್ ಹಾಕಿಸಿ, ಇಲ್ಲದಿದ್ದರೆ ಇಲ್ಲಿನ ಬ್ಯಾಂಕಿನ ಓಟಿಪಿ ಅಲ್ಲಿ ಬರುವುದಿಲ್ಲ.