ಹಿಪ್ನಾಸಿಸ್ (ಸಮ್ಮೋಹನ) ನಡುವೆ ನಿದ್ದೆ ಹತ್ತಿದರೆ ಸಲಹೆ ನಾಟುತ್ತದೆಯೇ?

ಪ್ರಶ್ನೆ: ಸೆಷನ್ ಮಧ್ಯೆ ವ್ಯಕ್ತಿ ಗೊರಕೆ ಹೊಡೆಯತೊಡಗಿದರೆ ಮುಂದುವರಿಸಬೇಕೇ? ಸುಪ್ತಮನಸ್ಸು ಕೇಳಿಸಿಕೊಳ್ಳುತ್ತದೆ ಅನ್ನುತ್ತಾರಲ್ಲ?

ಉತ್ತರ 1: ನಿಲ್ಲಿಸಿ. ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿಯಲ್ಲಿ ಹಿಪ್ನಾಸಿಸ್ ಎಚ್ಚರಕ್ಕೇ ಹತ್ತಿರ, ನಿದ್ದೆಗಲ್ಲ. 1956ರಲ್ಲಿ ಸಂಶೋಧಕರಾದ ಸೈಮನ್, ಎಮನ್ಸ್ ಮಲಗಿದವರಿಗೆ ಮಾಹಿತಿ ಕೇಳಿಸಿ ನೋಡಿದರು. ಎಚ್ಚರದಿಂದ ವಿಶ್ರಮಿಸುವಾಗ ಕಾಣುವ ಆಲ್ಫಾ ಅಲೆ ಮಾಯವಾದ ಮೇಲೆ ಕೇಳಿಸಿದ್ದು ನೆನಪಿನಲ್ಲಿ ಉಳಿಯಲಿಲ್ಲ.

ಉತ್ತರ 2: ಪೂರ್ತಿ ತಳ್ಳಿಹಾಕಬೇಡಿ. 1966ರಲ್ಲಿ ಸಂಶೋಧಕ ಇವಾನ್ಸ್ ತಂಡ ರೆಮ್ ನಿದ್ದೆಯಲ್ಲಿ (ಕನಸು ಹೆಚ್ಚು ಬೀಳುವ ಹಂತ) ಇದ್ದವರಿಗೆ, ಒಂದು ಪದ ಕೇಳಿದಾಗ ಮೂಗು ತುರಿಸುತ್ತದೆ ಎಂಬ ಸಲಹೆ ಕೊಟ್ಟಿತ್ತು. ಸೂಚನೆಯ ಪದ ಕೇಳಿ ಕೆಲವರು ನಿದ್ದೆಯಲ್ಲೇ ಕೆರೆದುಕೊಂಡರು, ಎದ್ದ ಮೇಲೆ ನೆನಪಿಲ್ಲ. ಆದರೆ ಸಿಗರೇಟು ಬಿಡಿಸುವಂಥ ಚಿಕಿತ್ಸೆಗೆ ಅಷ್ಟು ಸಾಲದು.

ಉತ್ತರ 3: ಮೊದಲು ನಿದ್ದೆಯೇ ಹೌದೋ ನೋಡಿ. “ಕೇಳಿಸುತ್ತಿದ್ದರೆ ತೋರುಬೆರಳು ಎತ್ತಿ” ಅನ್ನಿ. ಟ್ರಾನ್ಸ್‌ನಲ್ಲಿದ್ದರೆ (ಹಿಪ್ನಾಸಿಸ್‌ನ ತನ್ಮಯ ಸ್ಥಿತಿ) ಸಾಮಾನ್ಯವಾಗಿ ತಡವಾಗಿಯಾದರೂ ಮಿಸುಕುತ್ತದೆ. ಇಲ್ಲವೆಂದರೆ ದನಿ ಏರಿಸಿ ಹೆಸರು ಹಿಡಿದು ಕರೆಯಿರಿ, ಹತ್ತರಿಂದ ಹಿಂದಕ್ಕೆ ಎಣಿಸಲು ಹೇಳಿ, ತಪ್ಪಿದ ಸಲಹೆಯನ್ನು ಮತ್ತೆ ಕೊಡಿ. ಊಟವಾದ ತಕ್ಷಣ ಸೆಷನ್ ಬೇಡವೇ ಬೇಡ. ಹಾಸಿಗೆಗಿಂತ ಕುರ್ಚಿ ವಾಸಿ.