ಊರಿಗೆ ಕಳಿಸಲೇ? ಓದುಗರ ಸ್ಪಂದನ

ಡೊಂಬಿವಿಲಿಯ ತಾಯಿಯೊಬ್ಬರು ಕಳೆದ ಸಲ ಬರೆದಿದ್ದರು. ಮಗನಿಗೆ 9 ವರ್ಷ, ಮೂರನೇ ಕ್ಲಾಸು. ಬುದ್ಧಿ ಬೆಳವಣಿಗೆ ನಿಧಾನ. ಮುಂದಿನ ವರ್ಷಕ್ಕೆ ಬೇರೆ ಕಡೆ ನೋಡಿಕೊಳ್ಳಿ ಎಂದು ಶಾಲೆಯವರು ಹೇಳಿದ್ದಾರೆ. ಕುಂದಾಪುರದಲ್ಲಿ ನನ್ನ ಹತ್ತಿರ ಇರಲಿ ಎನ್ನುತ್ತಾರೆ ಅತ್ತೆ. ಸ್ಪೆಷಲ್ ಸ್ಕೂಲೋ, ಊರೋ? ಇದು ಅವರ ಪ್ರಶ್ನೆ. 13 ವರ್ಷದ ಮಗಳ ಬಗ್ಗೆ ಇದ್ದದ್ದು ಒಂದೇ ಸಾಲು: ‘ಅವನನ್ನು ಶಾಲೆಗೆ ಬಿಡುವುದು, ಕರೆತರುವುದು ಅವಳೇ.’ ಪುಣೆಯ ಕೋಥ್ರೂಡಿನ ಓದುಗರಿಗೆ ಕಣ್ಣಿಗೆ ಬಿದ್ದದ್ದು ಆ ಸಾಲು. ಅವರ ಪತ್ರವನ್ನು ಕತ್ತರಿಸಲು ಮನಸ್ಸಾಗಲಿಲ್ಲ.

ತಂಗೀ, ಆ 13ರ ಹುಡುಗಿ ನಾನು. ಈಗ 52. ಅಪ್ಪನಿಗೆ ಪಿಂಪ್ರಿಯಲ್ಲಿ ಫ್ಯಾಕ್ಟರಿ ಕೆಲಸ, ನಾವಿದ್ದದ್ದು ಒಂದೂವರೆ ಕೋಣೆ. ತಮ್ಮನಿಗೆ 10 ಆದಾಗ ಗದಗಿನ ಹತ್ತಿರ ಅಜ್ಜನ ಮನೆಗೆ ಬಿಟ್ಟು ಬಂದರು. ಅಲ್ಲಿ ದನಕರು ಇವೆ, ಓಡಾಡಲು ಜಾಗ ಇದೆ, ಯಾರೂ ನಗುವುದಿಲ್ಲ ಅಂತ ಎಲ್ಲರೂ ಅಂದರು. ಅದೇನೂ ಸುಳ್ಳಲ್ಲ. ಅಜ್ಜಿ ಅವನನ್ನು ಚೆನ್ನಾಗೇ ನೋಡಿಕೊಂಡಳು. ನಿಜ ಹೇಳಬೇಕೆಂದರೆ ನನಗೂ ಹಗುರಾಯಿತು, ಗೆಳತಿಯರನ್ನು ಮನೆಗೆ ಕರೆಯಬಹುದಿತ್ತಲ್ಲ. ಮೇ ರಜೆಗೆ ನಾವು ಹೋಗುತ್ತಿದ್ದೆವು. ವಾಪಸ್ ಹೊರಡುವ ದಿನ ಅವನು ಯಾರಿಗೂ ಹೇಳದೆ ತನ್ನ ಎರಡು ಅಂಗಿ, ಒಂದು ಚಡ್ಡಿ ಕೈಚೀಲಕ್ಕೆ ತುರುಕಿಕೊಂಡು ಕಟ್ಟೆ ಮೇಲೆ ಕೂತಿರುತ್ತಿದ್ದ. ಅಳುತ್ತಿರಲಿಲ್ಲ, ಸುಮ್ನೆ ಕೂತಿರುತ್ತಿದ್ದ. ಮಾವ ಅವನನ್ನು ಬಾವಿ ಕಡೆ ಕರೆದುಕೊಂಡು ಹೋದ ಮೇಲೆ ನಾವು ಬಸ್ ಹತ್ತುವುದು. ಹೀಗೆ ಹದಿನಾಲ್ಕು ವರ್ಷ. ಅಜ್ಜಿ ಹೋದ ಮೇಲೆ ಪುಣೆಗೆ ಬಂದ, ಅಮ್ಮ ಹೋದ ಮೇಲೆ ನನ್ನ ಮನೆಗೆ. ಈಗಲೂ ನಮ್ಮನೆಯವರು ಟೂರಿಗೆ ಅಂತ ಅಟ್ಟದಿಂದ ಸೂಟ್‌ಕೇಸ್ ಇಳಿಸಿದರೆ ಸಾಕು, ಒಳಗೆ ಹೋಗಿ ತನ್ನ ಎರಡು ಅಂಗಿ ತಂದು ಪಕ್ಕದಲ್ಲಿಡುತ್ತಾನೆ. ನಿಮ್ಮ ಮಗಳನ್ನು ಒಮ್ಮೆ ಕೂರಿಸಿಕೊಂಡು ಕೇಳಿ. ತಮ್ಮನ ಬಗ್ಗೆ ಅಲ್ಲ, ಅವಳ ಬಗ್ಗೆ.

ಗೋವಾದ ವಾಸ್ಕೋದಿಂದ ಬಂದದ್ದು ಪೂರ್ತಿ ಇಷ್ಟೇ:

ಪತ್ರದಲ್ಲಿ ಅತ್ತೆ ಇದ್ದಾರೆ, ಟೀಚರ್ ಇದ್ದಾರೆ, ಮಗಳಿದ್ದಾಳೆ. ಮಗುವಿನ ಅಪ್ಪ ಎಲ್ಲಿ?

ಮಲಾಡಿನ ಅಜ್ಜಿಯೊಬ್ಬರಿಗೆ ಎಲ್ಲರ ಮೇಲೂ ಕೋಪ:

ನೀವೆಲ್ಲ ಅತ್ತೆಯನ್ನು ಬೈಯುತ್ತೀರಿ ಅಂತ ಗೊತ್ತು. ಈ ವಯಸ್ಸಲ್ಲಿ ನಾನು ನೋಡಿಕೊಳ್ಳುತ್ತೇನೆ ಅನ್ನಲು ಎಷ್ಟು ಜನ ಮುಂದೆ ಬರುತ್ತಾರೆ? ಅವರನ್ನೇ ಮುಂಬಯಿಗೆ ಕರೆಸಿಕೊಳ್ಳಬಹುದಲ್ವಾ?

ಮುಲುಂಡಿನ ತಂದೆಯೊಬ್ಬರಿಗೆ ಇಂಥದೇ ಮಗಳಿದ್ದಾಳೆ. ಕೇಳಿದ್ದಕ್ಕಿಂತ ಜಾಸ್ತಿಯೇ ತಿಳಿಸಿದ್ದಾರೆ, ಬೇಕಾದದ್ದೇ:

ಮೊದಲು ಸರ್ಕಾರಿ ಆಸ್ಪತ್ರೆಯಿಂದ ಅಂಗವೈಕಲ್ಯದ ಸರ್ಟಿಫಿಕೇಟ್, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ಸರ್ಟಿಫಿಕೇಟಿನಲ್ಲಿ ಶೇ 40 ಅಥವಾ ಹೆಚ್ಚು ಅಂತ ಬರೆದಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಮಾಮೂಲಿ ಶಾಲೆಯೋ ಸ್ಪೆಷಲ್ ಸ್ಕೂಲೋ, ಆಯ್ಕೆ ನಿಮ್ಮದು. ಸರ್ಕಾರದ ಮಾನ್ಯತೆ ಇರುವ ಶಾಲೆ ಭೇದ ಮಾಡುವಂತಿಲ್ಲ. ‘ಬೇರೆ ಕಡೆ ನೋಡಿಕೊಳ್ಳಿ’ ಅನ್ನುವುದನ್ನು ಬರಹದಲ್ಲಿ ಕೊಡಿ ಅಂತ ಕೇಳಿ ನೋಡಿ, ನಮ್ಮ ವಿಷಯದಲ್ಲಿ ಅಲ್ಲಿಂದಲೇ ದನಿ ಬದಲಾಯಿತು. ಹತ್ತನೇ ಕ್ಲಾಸಿನ ಚಿಂತೆ ಈಗಲೇ ಬೇಡ, ಮನೆಯಲ್ಲೇ ಓದಿ ಪರೀಕ್ಷೆ ಬರೆಯಲು ರಾಷ್ಟ್ರೀಯ ಮುಕ್ತ ಶಾಲೆ (ಎನ್‌ಐಒಎಸ್) ಇದೆ. 18 ತುಂಬಿದ ಮೇಲೆ ಮಾತ್ರ ಅಪ್ಪ ಅಮ್ಮ ತಾನಾಗಿ ಗಾರ್ಡಿಯನ್ ಆಗಿ ಉಳಿಯುವುದಿಲ್ಲ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಅರ್ಜಿ ಹಾಕಬೇಕು. ಇನ್ನೊಂದು, ರೈಲಿನ ಸ್ಲೀಪರ್ ಟಿಕೆಟ್ಟಿಗೆ ಅವನಿಗೂ ಜೊತೆಗೆ ಹೋಗುವ ಒಬ್ಬರಿಗೂ ಶೇ 75 ರಿಯಾಯಿತಿ ಇದೆ.

ಠಾಣೆಯ ವಿಶೇಷ ಶಿಕ್ಷಕಿಯೊಬ್ಬರು ಶಾಲೆಯ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಿದ್ದಾರೆ:

ಯಾವ ಶಾಲೆ ಆದರೂ ಮನೆಯಲ್ಲಿ ಒಂದು ಕೆಲಸ ಶುರು ಮಾಡಿ. ಅಂಗಿಯ ಗುಂಡಿ. ಮೊದಲಿನ ನಾಲ್ಕು ನೀವು ಹಾಕಿ, ಕೊನೆಯದನ್ನು ಅವನಿಗೆ ಬಿಡಿ. ಮುಗಿಸಿದ ಖುಷಿ ಅವನದಾಗುತ್ತದೆ. ವಾರವೋ ತಿಂಗಳೋ ಕಳೆದ ಮೇಲೆ ಕೊನೆಯ ಎರಡು ಬಿಡಿ. ನಮ್ಮವರು ಮೇಲಿನಿಂದ ಕಲಿಸಲು ಹೋಗುತ್ತಾರೆ, ಮಗು ಎರಡನೇ ಗುಂಡಿಗೇ ಸೋತು ಕೂರುತ್ತದೆ, ಅಷ್ಟರಲ್ಲಿ ಶಾಲೆಯ ವ್ಯಾನ್ ಬಂದಿರುತ್ತದೆ. ಮತ್ತೆ, ಗೊಂದಲ ಆಗುತ್ತದೆ, ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಇಂಥ ಮಕ್ಕಳೂ ಎರಡು ಭಾಷೆ ಕಲಿಯುತ್ತಾರೆ. ಅಜ್ಜಿ ಜೊತೆ ಫೋನಿನಲ್ಲಿ ಅವನು ಇನ್ಯಾವ ಭಾಷೆಯಲ್ಲಿ ಮಾತಾಡಬೇಕು?

ಡೊಂಬಿವಿಲಿಯ ತಾಯಿಗೆ ಎಲ್ಲ ಪತ್ರಗಳನ್ನೂ ತಲುಪಿಸಿದ್ದೇವೆ. ವಾಸ್ಕೋದ್ದನ್ನು ಕಳಿಸಬೇಕೋ ಬೇಡವೋ ಎಂದು ಸ್ವಲ್ಪ ಯೋಚಿಸಿದೆವು, ಕಳಿಸಿದೆವು. ಅವರಿಂದ ಎರಡೇ ಸಾಲಿನ ಉತ್ತರ ಬಂದಿದೆ. ಮೇ ತಿಂಗಳಿಗೆ ಮತ್ಸ್ಯಗಂಧ ರೈಲಿನಲ್ಲಿ ಕುಂದಾಪುರಕ್ಕೆ ಹೊರಟಿದ್ದಾರಂತೆ. ನಾಲ್ಕು ಟಿಕೆಟ್, ಹೋಗಲೂ ಬರಲೂ.